ಮಟ್ಟೆಗೂ ಬೆಲೆ ಬಂತು, ತೋಟಕ್ಕೆ ಏನು ಬಂತು?

ತಿಪಟೂರಿನ ಉಂಡೆ ಕೊಬ್ಬರಿಗೆ ಬೇಕಾದ ಬಂಡವಾಳ ಒಂದು ಅಟ್ಟ ಮತ್ತು ಒಂದು ವರ್ಷದ ತಾಳ್ಮೆ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿ ಎಂಟು ತಿಂಗಳಿಂದ ಹನ್ನೆರಡು ತಿಂಗಳವರೆಗೆ ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ಮೆಲ್ಲಗೆ ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಗುಡುಗುಡು ಎಂದರೆ ಗಿಟುಕು ಸಿದ್ಧವಾಯಿತು ಎಂದರ್ಥ. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆಯನ್ನು ಇಡಿಯಾಗಿ ತೆಗೆಯುವುದು. ಬಾಯ್ಲರ್ ಇಲ್ಲ, ಡ್ರೈಯರ್ ಇಲ್ಲ. ಇಷ್ಟು ಕಡಿಮೆ ಇಂಧನದಲ್ಲಿ ತಯಾರಾಗಿ ಇಷ್ಟು ದೂರ ಹೋಗಿ ಮಾರಾಟವಾಗುವ ಆಹಾರ ಪದಾರ್ಥ ನಮ್ಮ ನಾಡಿನಲ್ಲಿ ಅಪರೂಪ.

ದೂರ ಹೋಗುವುದಕ್ಕೆ ದಾರಿ ಮಾಡಿಕೊಟ್ಟಿದ್ದು ರೈಲು. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ ಹಾದು ಹರಿಹರದ ಕಡೆಗೆ ಹಳಿ ಬಿತ್ತು. ಈ ಸೀಮೆಯ ಕೊಬ್ಬರಿ ಮೂಟೆಗೆ ಉತ್ತರದ ಪೇಟೆಗಳು ಹತ್ತಿರವಾದವು. ಇಂದಿಗೂ ಉಂಡೆ ಕೊಬ್ಬರಿಯನ್ನು ಹೆಚ್ಚಾಗಿ ಕೊಳ್ಳುವವರು ದೆಹಲಿ, ಉತ್ತರ ಪ್ರದೇಶ, ರಾಜಸ್ಥಾನ, ಗುಜರಾತಿನವರು. ಅವರಿಗೆ ಅದು ಹಬ್ಬದ, ಮದುವೆಯ, ಪೂಜೆಯ ಒಣಹಣ್ಣು. ತುರುವೇಕೆರೆಯ ಹಳ್ಳಿಗಳಿಂದ, ಚಿಕ್ಕನಾಯಕನಹಳ್ಳಿಯ ಹುಳಿಯಾರು, ಶೆಟ್ಟಿಕೆರೆ, ಹಂದನಕೆರೆಗಳಿಂದ ಬರುವ ಕೊಬ್ಬರಿಗೆ ತಿಪಟೂರು ಎಪಿಎಂಸಿಯ ಹರಾಜೇ ದಿಕ್ಕು. ಬೆಲೆ ಏರಿದರೂ ಇಳಿದರೂ ಮೂರು ತಾಲ್ಲೂಕಿನ ಮನೆಮನೆಯ ಲೆಕ್ಕ ಅಲ್ಲಿಂದಲೇ ಶುರು.

ಆ ಹರಾಜು ಅಳೆಯುವುದು ಕಾಯಿಯ ಒಂದು ಭಾಗವನ್ನು ಮಾತ್ರ. ಬಲಿತ ತೆಂಗಿನಕಾಯಿಯ ತೂಕದಲ್ಲಿ ಸುಮಾರು ಶೇ 35ರಷ್ಟು ಮಟ್ಟೆ, 12ರಷ್ಟು ಚಿಪ್ಪು, 25ರಷ್ಟು ನೀರು. ತಿರುಳಿನ ಪಾಲು 28ರ ಆಸುಪಾಸು. ನೂರು ವರ್ಷ ರೈಲು ಹತ್ತಿದ್ದು ಈ 28 ಮಾತ್ರ, ಅದೂ ಒಣಗಿದ ಮೇಲೆ. ಉಳಿದದ್ದು ಊರಿನಲ್ಲೇ ಉಳಿಯುತ್ತಿತ್ತು.

ಊರಿನಲ್ಲಿ ಅದು ದಂಡವಾಗಿ ಬಿದ್ದಿರಲಿಲ್ಲ. ಮಟ್ಟೆ ಮತ್ತು ಚಿಪ್ಪು ಅಡುಗೆ ಒಲೆಗೆ, ಬಚ್ಚಲ ಹಂಡೆಗೆ ಹೋಗುತ್ತಿದ್ದವು. ಬೂದಿ ತಿಪ್ಪೆ ಸೇರಿ ಮರದ ಬುಡಕ್ಕೆ ಬರುತ್ತಿತ್ತು. ನಾರು ಹಗ್ಗವಾಗುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ಮಟ್ಟೆ ಹೂಳುವ ಪದ್ಧತಿ. ಮರದ ಸಾಲುಗಳ ನಡುವೆ ಗುಣಿ ತೋಡಿ, ಮಟ್ಟೆಯ ಒಳಮೈ ಮೇಲೆ ಬರುವಂತೆ ಒಂದರ ಪಕ್ಕ ಒಂದು ಜೋಡಿಸಿ, ಪದರದ ಮೇಲೆ ಪದರ ಇಟ್ಟು ಮಣ್ಣು ಮುಚ್ಚುವುದು. ಮಳೆ ಬಂದಾಗ ಒಂದೊಂದು ಮಟ್ಟೆಯೂ ನೀರು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಬೇರಿಗೆ ಬಿಟ್ಟುಕೊಡುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದನ್ನು ಇಂದಿಗೂ ಶಿಫಾರಸು ಮಾಡುತ್ತದೆ. ಒಮ್ಮೆ ಹೂತರೆ ಐದರಿಂದ ಏಳು ವರ್ಷ ಅದರ ಫಲ ಇರುತ್ತದೆ. ಕೊಳೆಯುತ್ತಾ ಹೋದಂತೆ ಮರಕ್ಕೆ ಬೇಕಾದ ಪೊಟ್ಯಾಷ್ ಕೂಡ ಮಣ್ಣಿಗೆ ಇಳಿಯುತ್ತದೆ.

ಈ ವ್ಯವಸ್ಥೆ ಸಡಿಲವಾದದ್ದು ಯಾರೋ ಒಬ್ಬರ ತಪ್ಪಿನಿಂದ ಅಲ್ಲ. ಅಡುಗೆಮನೆಗೆ ಗ್ಯಾಸ್ ಬಂತು. ಹೆಂಗಸರ ಕಣ್ಣು, ಎದೆ ಹೊಗೆಯಿಂದ ಪಾರಾದವು, ಅದು ಬಹಳ ದೊಡ್ಡ ಒಳಿತು. ಗುಣಿ ತೋಡುವ ಕೂಲಿ ದುಬಾರಿಯಾಯಿತು, ಆಳು ಸಿಗದಾಯಿತು. ಒಲೆಗೂ ಬೇಡವಾದ, ಹೂಳಲೂ ಆಗದ ಮಟ್ಟೆಯ ರಾಶಿ ತೋಟದಂಚಿನಲ್ಲಿ ಬೆಳೆಯತೊಡಗಿದಾಗ ಅದನ್ನು ಕೇಳಿಕೊಂಡು ಬಂದದ್ದು ನಾರಿನ ಗಿರಣಿ. ಕೊಚ್ಚಿಯಲ್ಲಿ ಕಾಯರ್ ಬೋರ್ಡ್ ಹುಟ್ಟಿದ್ದು 1953ರ ಕಾಯಿದೆಯಿಂದ. ಕೇರಳದ ನಾರು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ನೆನೆಸಿ ಬಡಿದ ಬಿಳಿ ನಾರು. ನಮ್ಮ ಒಣಸೀಮೆಯಲ್ಲಿ ಹಿನ್ನೀರೆಲ್ಲಿ? ಇಲ್ಲಿ ಯಂತ್ರದಲ್ಲಿ ಸಿಗಿದು ತೆಗೆಯುವ ಕಂದು ನಾರೇ ಗಟ್ಟಿಯಾಯಿತು. ರಾಜ್ಯ ಸರ್ಕಾರವೂ ನಾರು ಅಭಿವೃದ್ಧಿಗೆಂದೇ ಒಂದು ನಿಗಮ ಮಾಡಿತು, ಹಗ್ಗ ಮತ್ತು ಚಾಪೆಯ ಕೆಲಸದಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ದುಡಿಮೆ ಸಿಕ್ಕಿತು.

ನಾರು ತೆಗೆದರೆ ಪುಡಿ ಬರುತ್ತದೆ. ಒಂದು ಕಿಲೋ ನಾರಿಗೆ ಹತ್ತಿರ ಹತ್ತಿರ ಎರಡು ಕಿಲೋ ಪುಡಿ. ಹಾಸಿಗೆ ಕಂಪನಿಗಳು ನಾರನ್ನು ಒಯ್ಯುತ್ತಿದ್ದವು, ಪುಡಿಯನ್ನು ಕೇಳುವವರಿರಲಿಲ್ಲ. ಗಿರಣಿ ಇದ್ದ ಕಡೆಯೆಲ್ಲ ಅದರ ಪಕ್ಕದಲ್ಲೊಂದು ಕಂದು ಗುಡ್ಡ ಎದ್ದಿತು. ಗಾಳಿಗೆ ಹಾರಿ ಕಣ್ಣಿಗೆ ಬೀಳುವುದು, ಮಳೆಗೆ ನೆನೆದು ಚಹಾ ಬಣ್ಣದ ನೀರು ಬಾವಿಯತ್ತ ಹರಿಯುವುದು, ಬೇಸಿಗೆಯಲ್ಲಿ ಕಿಡಿ ತಗುಲಿದರೆ ವಾರಗಟ್ಟಲೆ ಒಳಗೊಳಗೇ ಹೊಗೆಯಾಡುವುದು, ಇದು ಸುತ್ತಲಿನವರ ಪಾಡಾಯಿತು. ಈ ಪುಡಿ ಬೇಗ ಕೊಳೆಯುವುದೂ ಇಲ್ಲ. ಅದರಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಕ್ಕೂ ಹೆಚ್ಚು ಪಾಲು ಇಂಗಾಲ, ಜೊತೆಗೆ ಮರದ ಕಾಂಡದಲ್ಲಿರುವಂಥ ಗಟ್ಟಿ ಲಿಗ್ನಿನ್.

ಆ ಗುಡ್ಡವನ್ನು ಕರಗಿಸಿದ್ದು ಉಪದೇಶವಲ್ಲ, ವ್ಯಾಪಾರ. ಯುರೋಪಿನ ಹಸಿರುಮನೆಗಳಲ್ಲಿ ಟೊಮೆಟೊ, ಸೌತೆ, ಸ್ಟ್ರಾಬೆರಿ ಬೆಳೆಯುವವರು ಮಣ್ಣಿನ ಬದಲು ಪೀಟ್ ಎಂಬ ಜೌಗು ನೆಲದ ಪದಾರ್ಥವನ್ನೋ ಕಲ್ಲುಣ್ಣೆಯನ್ನೋ ಬಳಸುತ್ತಿದ್ದರು. ಪೀಟ್ ಒಂದು ಮಿಲಿಮೀಟರ್ ಬೆಳೆಯುವುದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅದನ್ನು ಅಗೆದರೆ ಸಾವಿರಾರು ವರ್ಷ ನೆಲದೊಳಗೆ ಅಡಗಿದ್ದ ಇಂಗಾಲ ಗಾಳಿಗೆ ಸೇರುತ್ತದೆ. ಅಲ್ಲಿನ ಪರಿಸರದವರು ಎಚ್ಚರಿಸಿದರು, ಸರ್ಕಾರಗಳು ಪೀಟ್ ಬಳಕೆಯನ್ನು ಕಡಿಮೆ ಮಾಡುವ ಮಾತಾಡಿದವು, ಕಂಪನಿಗಳು ಬದಲಿ ಹುಡುಕಿದವು. ತನ್ನ ತೂಕದ ಆರೇಳು ಪಟ್ಟು ನೀರು ಹಿಡಿದಿಡುವ ತೆಂಗಿನ ನಾರಿನ ಪುಡಿ ಅವರಿಗೆ ಹೇಳಿ ಮಾಡಿಸಿದಂತಿತ್ತು. ಅದೇ ಕೋಕೊಪೀಟ್. ಇಟ್ಟಿಗೆಯಾಗಿ ಒತ್ತಿ ಕಂಟೇನರ್‌ಗೆ ತುಂಬಿದರೆ ಹಡಗಿನ ಬಾಡಿಗೆಯೂ ಗಿಟ್ಟುತ್ತದೆ. 2020–21ರಲ್ಲಿ ಭಾರತದ ನಾರು ಉತ್ಪನ್ನಗಳ ರಫ್ತು 3,778 ಕೋಟಿ ರೂಪಾಯಿ ಮುಟ್ಟಿದಾಗ ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಒಂದು ಕಾಲಕ್ಕೆ ಬೇಡವಾಗಿದ್ದ ಈ ಪುಡಿಯದೇ. ಕಸಕ್ಕೆ ಬೆಲೆ ತಂದುಕೊಟ್ಟ ಈ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮಾಲಿನ್ಯವೊಂದು ಇಷ್ಟು ಬೇಗ ಮಾಲಾಗಿ ಬದಲಾದ ಉದಾಹರಣೆಗಳು ಕಡಿಮೆ.

ಆದರೂ ತೋಟದ ಕಡೆಯಿಂದ ಒಮ್ಮೆ ಲೆಕ್ಕ ಹಾಕಬೇಕು.

ಫಲ ಬಿಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಕೊಡಿ ಎಂಬುದು ವಿಜ್ಞಾನಿಗಳ ಶಿಫಾರಸು. ಪೊಟ್ಯಾಷ್ ಎಲ್ಲಕ್ಕಿಂತ ಹೆಚ್ಚು. 1,200 ಗ್ರಾಂ ಎಂದರೆ ಅಂಗಡಿಯ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎರಡು ಕಿಲೋ. ಮೂವತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 48 ಮರ, ಅಂದರೆ ವರ್ಷಕ್ಕೆ ಸುಮಾರು ಎರಡು ಮೂಟೆ. ಈ ಗೊಬ್ಬರವನ್ನು ನಮ್ಮ ದೇಶ ಹೆಚ್ಚುಕಡಿಮೆ ಪೂರ್ತಿಯಾಗಿ ಹೊರಗಿನಿಂದಲೇ ತರಿಸುತ್ತದೆ. ಕಾಯಿಯ ಮೂಲಕ ಮರದಿಂದ ಹೊರಹೋಗುವ ಪೊಟ್ಯಾಷ್‌ನ ದೊಡ್ಡ ಪಾಲು ಇರುವುದು ಮಟ್ಟೆಯಲ್ಲಿ. ಹಿಂದೆ ಅದು ಬೂದಿಯಾಗಿಯೋ ಗುಣಿಯಲ್ಲಿ ಕೊಳೆತೋ ಬುಡಕ್ಕೆ ಮರಳುತ್ತಿತ್ತು. ಈಗ ಲಾರಿ ಹತ್ತುತ್ತದೆ.

ಲಾರಿ ಹತ್ತಿದ ಪೊಟ್ಯಾಷ್ ಯುರೋಪಿಗಾದರೂ ಮುಟ್ಟುತ್ತದೆಯೇ? ಹೆಚ್ಚಿನದು ಮುಟ್ಟುವುದಿಲ್ಲ. ಪುಡಿಯಲ್ಲಿ ಉಪ್ಪಿನಂಶ ಜಾಸ್ತಿ ಎಂದು ಹಸಿರುಮನೆಯವರು ಅದನ್ನು ಹಾಗೇ ಒಪ್ಪುವುದಿಲ್ಲ. ಸಿಹಿನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ, ಮತ್ತೆ ತೊಳೆದು ಕೊಡಬೇಕು. ಹಾಗೆ ತೊಳೆದುಹೋಗುವ ಉಪ್ಪಿನಲ್ಲಿ ಮುಖ್ಯವಾದದ್ದು ಪೊಟ್ಯಾಸಿಯಂ ಕ್ಲೋರೈಡ್. ರೈತ ಸೊಸೈಟಿಯ ಮುಂದೆ ಸಾಲು ನಿಂತು ಕೊಳ್ಳುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಕೂಡ ಅದೇ ಪೊಟ್ಯಾಸಿಯಂ ಕ್ಲೋರೈಡ್. ಒಂದೇ ವಸ್ತು ಒಂದು ಕಡೆ ಮೋರಿಗೆ ಹರಿಯುತ್ತದೆ, ಇನ್ನೊಂದು ಕಡೆ ಹಡಗಿನಲ್ಲಿ ಬಂದು ಮೂಟೆಯಲ್ಲಿ ಮಾರಾಟವಾಗುತ್ತದೆ. ತೊಳೆಯುವ ಕೆಲಸ ಹೆಚ್ಚಾಗಿದ್ದ ಪೊಳ್ಳಾಚಿ ಸೀಮೆಯಲ್ಲಿ ನೆಲದ ನೀರು ಕೆಡುತ್ತಿದೆ ಎಂಬ ದೂರುಗಳ ನಡುವೆ ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ನಾರಿನ ಘಟಕಗಳನ್ನು ಮಾಲಿನ್ಯ ಇಲ್ಲವೆನ್ನುವಷ್ಟು ಕಡಿಮೆಯಿರುವ ಬಿಳಿ ವರ್ಗದಿಂದ ಮಾಲಿನ್ಯ ಹೆಚ್ಚಿರುವ ಕಿತ್ತಳೆ ವರ್ಗಕ್ಕೆ ಸೇರಿಸಿತು. ನಮ್ಮಲ್ಲಿ ಆ ಸ್ಥಿತಿ ಬರುವ ಮುನ್ನ ಎಚ್ಚೆತ್ತುಕೊಳ್ಳಲು ಇನ್ನೂ ಸಮಯವಿದೆ.

ನೀರಿನ ಮಾತು ಈ ಸೀಮೆಯಲ್ಲಿ ಹಗುರವಾಗಿ ಆಡುವಂಥದ್ದಲ್ಲ. ತಿಪಟೂರು, ಚಿಕ್ಕನಾಯಕನಹಳ್ಳಿ ಎರಡೂ ಅಂತರ್ಜಲವನ್ನು ಅತಿಯಾಗಿ ತೆಗೆದ ತಾಲ್ಲೂಕುಗಳು. ಬಾಗೂರು–ನವಿಲೆ ಸುರಂಗದಿಂದ ಬರುವ ಹೇಮಾವತಿ ನೀರು ಸಿಕ್ಕ ಕೆರೆಗಳ ಸುತ್ತ ತೋಟ ಉಸಿರಾಡುತ್ತದೆ, ಸಿಗದ ಕಡೆ ಸಾವಿರ ಅಡಿಯ ಕೊಳವೆಬಾವಿಯೇ ಗತಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಅದೇ ವರ್ಷ ಕೊಬ್ಬರಿ ದರ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಬಿದ್ದು ರೈತರು ಬೀದಿಗಿಳಿದರು. ಆಗ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಎರಡೇ ವರ್ಷದಲ್ಲಿ, 2025ರಲ್ಲಿ, ದರ 25 ಸಾವಿರವನ್ನೂ ದಾಟಿತು. ಬೆಲೆ ಬಂದಾಗ ಅಟ್ಟ ಖಾಲಿ ಇತ್ತು ಎಂಬ ಸಂಕಟ ಎಷ್ಟೋ ಮನೆಗಳದ್ದು. ಬರ, ಬಿಳಿ ನೊಣ, ನುಸಿ, ಅಣಬೆ ರೋಗಗಳಿಂದ ಬಳಲಿದ ಮರದಲ್ಲಿ ಕಾಯಿ ಎಲ್ಲಿಂದ ಬರಬೇಕು? ಬೆಲೆಯ ಏರಿಳಿತದ ಬಗ್ಗೆ ನಾವು ಬಹಳ ಬರೆದಿದ್ದೇವೆ. ಮರದ ಬುಡದಲ್ಲಿ ತೇವ ಮತ್ತು ಸಾರ ಉಳಿಸುತ್ತಿದ್ದ ವಸ್ತು ಸದ್ದಿಲ್ಲದೆ ಊರು ಬಿಟ್ಟದ್ದರ ಬಗ್ಗೆ ಸಾಕಷ್ಟು ಬರೆದಿಲ್ಲ.

ಚಿಪ್ಪಿನ ಕಥೆಯೂ ಇದೇ ಜಾಡಿನದು, ಆದರೆ ಅದರ ಕೊನೆ ಹೊಗೆಯಲ್ಲಿದೆ. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ತಡೆಯುವ ಮುಖವಾಡಕ್ಕೆ ತೆಂಗಿನ ಚಿಪ್ಪಿನ ಇದ್ದಿಲು ಬಳಸಿದ್ದರು. ಈಗ ಅದೇ ಇದ್ದಿಲನ್ನು ಸುಮಾರು ಸಾವಿರ ಡಿಗ್ರಿ ಶಾಖದಲ್ಲಿ ಹಬೆ ಹಾಯಿಸಿ ಸಕ್ರಿಯ ಇಂಗಾಲ ಮಾಡುತ್ತಾರೆ. ಚಿನ್ನದ ಗಣಿಗಳಿಗೆ ಅದು ಬೇಕು. ಬೆಂಗಳೂರಿನ ಮನೆಗಳ ಗೋಡೆಯ ಮೇಲಿರುವ ನೀರು ಶುದ್ಧೀಕರಣ ಯಂತ್ರಕ್ಕೂ ಬೇಕು. ಚಿಪ್ಪಿಗೆ ಬೇಡಿಕೆ ಏರಿದ್ದು ಸಹಜ. ಆದರೆ ಇದ್ದಿಲು ಸುಡುವುದು ಇನ್ನೂ ಬಹುಪಾಲು ಗುಂಡಿ ಮತ್ತು ಡ್ರಮ್ಮುಗಳಲ್ಲಿ. ಮೂರು ಟನ್ ಚಿಪ್ಪು ಸುಟ್ಟರೆ ಒಂದು ಟನ್ನಿನಷ್ಟು ಇದ್ದಿಲು. ಮಿಕ್ಕದ್ದು ಟಾರ್, ಕಾರ್ಬನ್ ಮಾನಾಕ್ಸೈಡ್, ಮೀಥೇನ್ ಆಗಿ ಗಾಳಿಗೆ, ಮತ್ತು ಆರಿಸುವ ನೀರಿನ ಜೊತೆ ನೆಲಕ್ಕೆ. ಪಟ್ಟಣದವರ ನೀರು ಶುದ್ಧವಾಗಲೆಂದು ಹಳ್ಳಿಯವರ ಗಾಳಿ ಕೆಡಬಾರದು.

ಕೆಡದಂತೆ ಮಾಡುವ ವಿದ್ಯೆ ಇಲ್ಲದೇ ಇಲ್ಲ. ಶ್ರೀಲಂಕಾದ ಹೇಕಾರ್ಬ್ ಎಂಬ ಸಕ್ರಿಯ ಇಂಗಾಲದ ಕಂಪನಿ ಅಲ್ಲಿನ ಬಡಲ್ಗಾಮ ಎಂಬ ಊರಿನಲ್ಲಿ ಚಿಪ್ಪನ್ನು ಮುಚ್ಚಿದ ವ್ಯವಸ್ಥೆಯಲ್ಲಿ ಸುಟ್ಟು, ಹೊರಬರುವ ಅನಿಲವನ್ನು ಉರಿಸಿ ವಿದ್ಯುತ್ ತಯಾರಿಸುತ್ತದೆ. ಸಣ್ಣ ಸುಡುವವರಿಗೆ ಹೊಗೆ ಕಡಿಮೆಯಾಗುವ ಗುಂಡಿ ಕಟ್ಟಿಸಿಕೊಡುವ ಕಾರ್ಯಕ್ರಮವನ್ನೂ ನಡೆಸಿದೆ. ತನಗೆ ಚಿಪ್ಪು ಬೇಕಾದ ಕಂಪನಿ ಆ ಚಿಪ್ಪು ಸುಡುವವನ ಗುಂಡಿಯ ಜವಾಬ್ದಾರಿಯನ್ನೂ ಹೊತ್ತಿತು. ತುಮಕೂರು ಜಿಲ್ಲೆಗೆ ಇದು ಅಸಾಧ್ಯವೇ? ಮರದ ಚೂರಿನ ಅನಿಲದಿಂದ ಹಳ್ಳಿಗೆ ದೀಪ ಹಚ್ಚುವ ಪ್ರಯೋಗವನ್ನು ಭಾರತೀಯ ವಿಜ್ಞಾನ ಸಂಸ್ಥೆಯವರು ಇದೇ ಜಿಲ್ಲೆಯ ಕುಣಿಗಲ್ ಸೀಮೆಯ ಹೊಸಹಳ್ಳಿಯಲ್ಲಿ 1980ರ ದಶಕದಲ್ಲೇ ಮಾಡಿ ತೋರಿಸಿದ್ದರು.

ನೀರಿನ ಪಾಲು ಬೇರೆ. ಗಿಟುಕಿನಲ್ಲಿ ನೀರು ತಾನೇ ಇಂಗುವುದರಿಂದ ತೊಂದರೆಯಿಲ್ಲ. ಹಸಿ ಕಾಯಿಯಿಂದ ಒಣಪುಡಿ ಮಾಡುವ ಕಾರ್ಖಾನೆಗಳಲ್ಲಿ ಮಾತ್ರ ಒಡೆದ ಕಾಯಿಯ ನೀರು ದಿನವೂ ರಾಶಿರಾಶಿ. ಸಕ್ಕರೆಯಂಶವಿರುವ ಆ ನೀರು ಹುಳಿಯುತ್ತಾ ಹರಿದರೆ ಮನೆಯ ಚರಂಡಿ ನೀರಿಗಿಂತ ಹಲವು ಪಟ್ಟು ಹೆಚ್ಚು ಆಮ್ಲಜನಕವನ್ನು ಹಳ್ಳದಿಂದ ಹೀರುತ್ತದೆ. ವಿನೆಗರ್ ಮಾಡಬಹುದು, ಜೈವಿಕ ಅನಿಲ ತೆಗೆಯಬಹುದು. ವಿನೆಗರ್‌ನ ವಿದ್ಯೆಯನ್ನು ತೆಂಗು ಅಭಿವೃದ್ಧಿ ಮಂಡಳಿಯೇ ಹೇಳಿಕೊಡುತ್ತದೆ.

ಕಂಪನಿಗಳನ್ನು ದಾರಿಗೆ ತರುವುದು ಹೇಗೆ ಎನ್ನುವವರಿಗೆ ಉತ್ತರ ಚಿಕ್ಕನಾಯಕನಹಳ್ಳಿಯಲ್ಲೇ ಇದೆ. ಆ ತಾಲ್ಲೂಕಿನ ಗುಡ್ಡಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿನ ಗಣಿಗಳಿದ್ದವು. ಅದಿರಿನ ಲಾರಿ ಓಡಾಡಿದ ದಾರಿಯುದ್ದಕ್ಕೂ ತೆಂಗಿನ ಗರಿ ಕೆಂಪಾಯಿತು. ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಲ್ಲಿಸಿತು. ಸಮಾಜ ಪರಿವರ್ತನ ಸಮುದಾಯ ಹೂಡಿದ ಆ ಮೊಕದ್ದಮೆಯಲ್ಲಿ 2013ರ ಏಪ್ರಿಲ್ 18ರ ತೀರ್ಪು ಗಣಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ಮಾಡಿದ್ದ ವಿಂಗಡಣೆಯನ್ನು ಒಪ್ಪಿತು. ಅಕ್ರಮ ಹೆಚ್ಚಿದ್ದ ಸಿ ವರ್ಗದವು ರದ್ದಾದವು. ಉಳಿದವು ಮತ್ತೆ ಬಾಗಿಲು ತೆರೆಯಬೇಕಾದರೆ ನೆಲ ಸರಿಪಡಿಸುವ ಯೋಜನೆಗೆ ಬದ್ಧವಾಗಬೇಕಾಯಿತು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು 2014ರಲ್ಲಿ ರಾಜ್ಯದಲ್ಲಿ ಪ್ರತ್ಯೇಕ ನಿಗಮವೂ ಬಂತು. ಆ ಹಣ ಊರಿಗೆ ಮುಟ್ಟುವುದು ನಿಧಾನವಾಯಿತು ಎಂಬ ಕೊರಗು ನಿಜ. ಆದರೂ ನೆಲ ಸರಿಪಡಿಸದಿದ್ದರೆ ವ್ಯಾಪಾರವಿಲ್ಲ ಎಂದಾಗ ಕಂಪನಿಗಳು ಸರಿಪಡಿಸಲು ಮುಂದಾದವು ಎಂಬುದೂ ಅಷ್ಟೇ ನಿಜ.

ತೆಂಗಿನ ವ್ಯವಹಾರದಲ್ಲಿ ಅಂಥ ನಿಯಮ ಹಾಕುವವರು ಯಾರು? 2013ರ ಕಂಪನಿ ಕಾಯಿದೆಯ 135ನೇ ಕಲಮಿನ ಪ್ರಕಾರ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕಾದವರು ದೊಡ್ಡ ಕಂಪನಿಗಳು ಮಾತ್ರ. ನಾರಿನ ಗಿರಣಿ, ಇದ್ದಿಲು ಗುಂಡಿ ಅದರ ವ್ಯಾಪ್ತಿಗೆ ಬರುವುದಿಲ್ಲ, ಬರಬೇಕೆಂದು ಕೇಳುವುದೂ ನ್ಯಾಯವಲ್ಲ. ತೆಳ್ಳನೆಯ ಲಾಭದಲ್ಲಿ ಬದುಕುವ ಗಿರಣಿಯವನ ತಲೆಗೆ ಎಲ್ಲ ಹೊರೆ ಕಟ್ಟಿದರೆ ಅವನು ಬಾಗಿಲು ಮುಚ್ಚುತ್ತಾನೆ, ಮಟ್ಟೆ ಮತ್ತೆ ರಸ್ತೆ ಬದಿಯಲ್ಲಿ ಉರಿಯುತ್ತದೆ. ಶಕ್ತಿ ಇರುವುದು ಕೊನೆಯಲ್ಲಿ ಕೊಳ್ಳುವವರ ಕೈಯಲ್ಲಿ. ಬ್ರಿಟನ್ನಿನ ತೋಟಗಾರಿಕೆ ಉದ್ಯಮ ಗಿಡ ಬೆಳೆಸುವ ಮಾಧ್ಯಮಗಳಿಗೆಲ್ಲ ಏಳು ಮಾನದಂಡಗಳಲ್ಲಿ ಅಂಕ ಕೊಡುವ ಪದ್ಧತಿ ಇಟ್ಟುಕೊಂಡಿದೆ. ಇಂಧನ, ನೀರು, ಮಾಲಿನ್ಯ, ಕಾರ್ಮಿಕರ ಸ್ಥಿತಿಗಳೆಲ್ಲ ಅದರಲ್ಲಿ ಸೇರಿವೆ. ಕಾಯಿ ಬೆಳೆದ ತೋಟದ ಮಣ್ಣಿಗೆ ಏನು ಹಿಂತಿರುಗಿತು ಎಂಬ ಪ್ರಶ್ನೆ ಆ ಏಳರಲ್ಲಿ ನೇರವಾಗಿ ಇಲ್ಲ. ಅದನ್ನು ಸೇರಿಸುವಂತೆ ಒತ್ತಾಯಿಸಬೇಕಾದವರು ನಮ್ಮ ರಫ್ತುದಾರರು. ಕೊಬ್ಬರಿ ಎಣ್ಣೆಯ ದೊಡ್ಡ ಕಂಪನಿ ಮ್ಯಾರಿಕೊ ತನ್ನ ಕಲ್ಪವೃಕ್ಷ ಫೌಂಡೇಷನ್ ಮೂಲಕ ದಕ್ಷಿಣದ ತೆಂಗು ಬೆಳೆಗಾರರಿಗೆ ಇಳುವರಿ, ನೀರುಳಿತಾಯದ ಮಾರ್ಗದರ್ಶನ ಕೊಡುತ್ತಿದೆ. ಮಟ್ಟೆ ಮತ್ತು ಚಿಪ್ಪು ಕೊಳ್ಳುವ ಕಂಪನಿಗಳಿಗೂ ಆ ಹಾದಿ ತೆರೆದೇ ಇದೆ.

ಅದಕ್ಕಿಂತ ಹೆಚ್ಚು ನಂಬಿಕೆ ನನಗಿರುವುದು ಬೆಳೆಗಾರರದೇ ಕಂಪನಿಗಳ ಮೇಲೆ. 2002ರ ತಿದ್ದುಪಡಿಯಿಂದ ರೈತರೇ ಷೇರುದಾರರಾದ ಉತ್ಪಾದಕರ ಕಂಪನಿ ಕಟ್ಟಲು ಕಾನೂನು ಅವಕಾಶ ಕೊಟ್ಟಿತು. ತೆಂಗು ಅಭಿವೃದ್ಧಿ ಮಂಡಳಿ ಸಂಘ, ಒಕ್ಕೂಟ, ಕಂಪನಿ ಎಂಬ ಮೂರು ಹಂತದ ಏಣಿಯನ್ನೂ ಹಾಕಿಕೊಟ್ಟಿತು. ಮಟ್ಟೆಯ ಒಡೆಯನೇ ಗಿರಣಿಯ ಒಡೆಯನಾದರೆ ಪುಡಿಯ ಒಂದು ಪಾಲನ್ನು ತೋಟಕ್ಕೆ ವಾಪಸು ಕಳಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಒಂದು ಟನ್ ಪುಡಿಗೆ ಐದು ಕಿಲೋ ಯೂರಿಯಾ, ಒಂದೂವರೆ ಕಿಲೋ ಅಣಬೆ ಬೀಜ ಪದರ ಪದರವಾಗಿ ಬೆರೆಸಿ ನೆರಳಿನಲ್ಲಿ ತೇವ ಆರದಂತೆ ಇಟ್ಟರೆ ತಿಂಗಳಲ್ಲಿ ಗೊಬ್ಬರ. ಪುಡಿ ತೊಳೆದ ನೀರನ್ನು ತೊಟ್ಟಿಯಲ್ಲಿ ಹಿಡಿದು, ಸೋಡಿಯಂ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ, ತೆಳುವಾಗಿಸಿ ಮರಕ್ಕೇ ಬಿಡಬಹುದು. ಪೊಟ್ಯಾಷ್ ಜೊತೆಗಿನ ಕ್ಲೋರೈಡನ್ನು ತೆಂಗು ಬೇಡವೆನ್ನುವುದಿಲ್ಲ. ಅದಕ್ಕೆ ಅದೂ ಬೇಕಾದ ಆಹಾರವೇ. ತಿಪಟೂರಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಪಕ್ಕದ ಅರಸೀಕೆರೆಯಲ್ಲಿ ತೆಂಗಿನ ಸಂಶೋಧನೆ ದಶಕಗಳಿಂದ ನಡೆದಿದೆ. ಇದನ್ನು ಪ್ರಯೋಗಿಸಿ ನೋಡಲು ಇಲ್ಲಿಗಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ?

ತಾರಸಿ ತೋಟಕ್ಕೆ ಕೋಕೊಪೀಟ್ ಇಟ್ಟಿಗೆ ಕೊಳ್ಳುವ ನಗರದ ಓದುಗರೇ, ಮುಂದಿನ ಸಲ ಅದರ ಪೊಟ್ಟಣದ ಮೇಲೆ ಕಂಪನಿಯ ವಿಳಾಸ ಹುಡುಕಿ ಒಂದು ಪತ್ರ ಬರೆಯಿರಿ. ಈ ಪುಡಿ ಯಾವ ತಾಲ್ಲೂಕಿನದು, ತೊಳೆದ ನೀರು ಎಲ್ಲಿ ಹೋಯಿತು, ಆ ತೋಟಕ್ಕೆ ನೀವು ಹಿಂದಕ್ಕೆ ಕೊಟ್ಟದ್ದೇನು ಎಂದು ಕೇಳಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಬೆಳೆಗಾರರೇ, ನೂರು ಮಟ್ಟೆ ಲಾರಿಗೆ ಹಾಕುವಾಗ ಇಪ್ಪತ್ತನ್ನಾದರೂ ಗುಣಿಗೆ ಉಳಿಸಿಕೊಳ್ಳಿ. ಕೊಳ್ಳುವವರು ಅದಕ್ಕಾಗಿ ಬೆಲೆ ತಗ್ಗಿಸುತ್ತೇವೆ ಎಂದರೆ ಒಪ್ಪಬೇಡಿ. ತೋಟ ಇದ್ದರೆ ತಾನೇ ಅವರ ಕಾರ್ಖಾನೆಯೂ ಇರುವುದು.